ಸೋಲುವ ಕೌಂಟಿಯ ಆಟಗಾರರನ್ನು ಬೈಯುವ ಹಕ್ಕು ಯಾರಿಗಿದೆ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ: ಐರ್ಲೆಂಡಿಗೆ ಬಂದು ಎರಡು ವರ್ಷವಾಗಿರುವ ನೀವು ಅಲ್ಲಿನ ದೇಶೀಯ ಆಟವಾದ ಗೇಲಿಕ್ ಫುಟ್‌ಬಾಲ್ ನೋಡಲು ಹೋಗುತ್ತೀರಿ, ನೀವಿರುವ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ತಂಡ ಮೇಲಿಂದ ಮೇಲೆ ಸೋಲುತ್ತದೆ, ಅಕ್ಕಪಕ್ಕದವರು ಆಟಗಾರರನ್ನು ಬಾಯಿಗೆ ಬಂದಂತೆ ಬೈಯುತ್ತಾರೆ. ಬಿಡಿಗಾಸಿನ ಸಂಬಳವಿಲ್ಲದೆ ಆಡುವವರನ್ನು ಹೀಗೆ ಟೀಕಿಸುವುದು ಸರಿಯೇ, ಅವರಿಗೆ ಗೌರವವಷ್ಟೇ ಸಲ್ಲಬೇಕಲ್ಲವೇ, ಈ ಆಟವನ್ನೇ ಆಡದ ನಿಮಗೆ ಬಾಯಿ ತೆರೆಯುವ ಹಕ್ಕಿದೆಯೇ ಎಂಬುದು ನಿಮ್ಮ ಸಂದೇಹ. ಕೆಲಸದ ನಿಮಿತ್ತ ಕೆಲವು ವರ್ಷ ಲೀಟ್ರಿಮ್ ಕೌಂಟಿಯಲ್ಲಿದ್ದು ಆ ತಂಡದ ಹುಚ್ಚು ಹಿಡಿಸಿಕೊಂಡು ಬಂದವನು ನಾನು. ಸೋಲು ನೋಡುವುದರಲ್ಲಿ ನನಗೆ ಸಾಕಷ್ಟು ಅನುಭವವಿದೆ ಎಂದು ಧೈರ್ಯವಾಗಿ ಹೇಳಬಲ್ಲೆ.

ಮೊದಲು ಹಣದ ಮಾತು. ವೃತ್ತಿಪರ ಆಟಗಳಲ್ಲಿ ಬೈಯುವವನ ಕೈಯಲ್ಲಿ ಒಂದು ವಾದವಿರುತ್ತದೆ: ನನ್ನ ಟಿಕೆಟ್ಟಿನ ಹಣವೇ ನಿನ್ನ ಸಂಬಳ, ಆದ್ದರಿಂದ ಲೆಕ್ಕ ಕೇಳುತ್ತೇನೆ. ಗೇಲಿಕ್ ಫುಟ್‌ಬಾಲಿನಲ್ಲಿ ಆ ವಾದ ನಿಲ್ಲುವುದಿಲ್ಲ. 1884ರಲ್ಲಿ ಥರ್ಲ್ಸ್ ಪಟ್ಟಣದ ಹೋಟೆಲೊಂದರಲ್ಲಿ ಸ್ಥಾಪನೆಯಾದ, ಈ ಆಟವನ್ನು ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಇಂದಿಗೂ ಹವ್ಯಾಸಿ ಸಂಸ್ಥೆಯಾಗಿಯೇ ಉಳಿದಿದೆ. 82,300 ಜನ ಹಿಡಿಯುವ ಡಬ್ಲಿನ್‌ನ ಕ್ರೋಕ್ ಪಾರ್ಕ್ ಕ್ರೀಡಾಂಗಣ ಕಿಕ್ಕಿರಿದು ತುಂಬಿದ ದಿನವೂ ಅಂಗಳದಲ್ಲಿರುವವರಿಗೆ ಆಡಿದ್ದಕ್ಕೆಂದು ಸಂಭಾವನೆ ಇಲ್ಲ. ಪ್ರಯಾಣದ ಖರ್ಚು, ಸರ್ಕಾರದಿಂದ ಒಂದು ಸಣ್ಣ ಅನುದಾನ, ಅಷ್ಟೆ. ಹಾಗೆಂದು ಅದನ್ನು ಬಿಡುವಿನ ವೇಳೆಯ ಆಟವೆಂದು ತಿಳಿಯಬೇಡಿ. 2018ರಲ್ಲಿ ಪ್ರಕಟವಾದ ಐರ್ಲೆಂಡಿನ ಆರ್ಥಿಕ ಮತ್ತು ಸಾಮಾಜಿಕ ಸಂಶೋಧನಾ ಸಂಸ್ಥೆಯ ವರದಿಯೊಂದರ ಪ್ರಕಾರ, ಕೌಂಟಿ ತಂಡದ ಆಟಗಾರರು ವಾರಕ್ಕೆ 31 ಗಂಟೆಗಳವರೆಗೆ ಆಟಕ್ಕೆ ಮೀಸಲಿಡುತ್ತಿದ್ದರು. ಇದು ನೌಕರಿಯ ಮೇಲಿನ ಇನ್ನೊಂದು ನೌಕರಿ.

ಲೀಟ್ರಿಮ್‌ನಂಥ ಕಡೆ ಈ ಹೊರೆ ಇನ್ನೂ ಭಾರ. ಡಬ್ಲಿನ್‌ನಲ್ಲಿ ಕೆಲಸ ಮಾಡುವ ಅಥವಾ ಓದುವ ಹುಡುಗ ಸಂಜೆ ಕಚೇರಿ ಮುಗಿಸಿ ಎನ್4 ಹೆದ್ದಾರಿ ಹಿಡಿದು ಸುಮಾರು 150 ಕಿಲೋಮೀಟರ್ ಕಾರು ಓಡಿಸಿ ಲೀಟ್ರಿಮ್‌ನ ಕ್ಯಾರಿಕ್-ಆನ್-ಶ್ಯಾನನ್ ಪಟ್ಟಣ ತಲುಪಿ, ಕತ್ತಲಲ್ಲಿ, ಮಳೆಯಲ್ಲಿ ತರಬೇತಿ ಮುಗಿಸಿ, ಮತ್ತೆ ಅಷ್ಟೇ ದೂರ ಹಿಂದಿರುಗಿ ಮಲಗುವಾಗ ಮಧ್ಯರಾತ್ರಿ ಕಳೆದಿರುತ್ತದೆ. ಇದರ ಫಲ ನಿಮಗೆ ಪಂದ್ಯದ ಅರವತ್ತನೇ ನಿಮಿಷದಲ್ಲಿ ಕಾಣುತ್ತದೆ. ಈ ಆಟದಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆಗಿಂತ ಹೆಚ್ಚು ಓಡುವಂತಿಲ್ಲ. ಅಷ್ಟರೊಳಗೆ ಒಮ್ಮೆ ನೆಲಕ್ಕೆ ಪುಟಿಸಬೇಕು, ಇಲ್ಲವೇ ಕಾಲ್ಬೆರಳಿನ ತುದಿಗೆ ಬಿಟ್ಟು ಮತ್ತೆ ಕೈಗೆ ಚಿಮ್ಮಿಸಿಕೊಳ್ಳಬೇಕು. ಈ ಎರಡನೆಯದಕ್ಕೆ ಸೋಲೋ ಎನ್ನುತ್ತಾರೆ. ಮೊದಲ ಹತ್ತು ನಿಮಿಷ ಚೆಂಡು ಸಾಕಿದ ಪಾರಿವಾಳದಂತೆ ಕೈಗೆ ಮರಳುತ್ತದೆ. ಕಾಲು ಸೋತಾಗ ಪಾದದ ಕೋನ ಒಂದಿಷ್ಟು ಬದಲಾಗುತ್ತದೆ, ಚೆಂಡು ಒಂದು ಗೇಣು ಮುಂದಕ್ಕೆ ಹಾರುತ್ತದೆ, ಎದುರಾಳಿ ಅಲ್ಲಿಯೇ ಕಾದಿರುತ್ತಾನೆ. ‘ಇವನಿಗೆ ಚೆಂಡು ಹಿಡಿಯಲೂ ಬರುವುದಿಲ್ಲ’ ಎಂಬ ಕೂಗು ಆಗ ಏಳುತ್ತದೆ.

ಇನ್ನು ಈ ಸೋಲುಗಳಲ್ಲಿ ಆಟಗಾರನ ಪಾಲು ಎಷ್ಟು ಎಂಬುದನ್ನೂ ನೋಡಬೇಕು. ಇಲ್ಲಿ ಆಟಗಾರರನ್ನು ಕೊಳ್ಳುವಂತಿಲ್ಲ. ಸಾಮಾನ್ಯವಾಗಿ ಅವರವರು ಅವರವರ ಊರಿಗೇ ಆಡುತ್ತಾರೆ. 2022ರ ಜನಗಣತಿಯಲ್ಲಿ ಲೀಟ್ರಿಮ್‌ನ ಜನಸಂಖ್ಯೆ ಸುಮಾರು 35,000, ಡಬ್ಲಿನ್‌ನದು 14 ಲಕ್ಷಕ್ಕೂ ಹೆಚ್ಚು. 2015ರಿಂದ 2020ರವರೆಗೆ ಸತತ ಆರು ಬಾರಿ ಈ ಆಟದ ಅತ್ಯುನ್ನತ ಪ್ರಶಸ್ತಿಯಾದ ಆಲ್-ಐರ್ಲೆಂಡ್ ಗೆದ್ದ ಡಬ್ಲಿನ್ ಮತ್ತು ತನ್ನ ಇಡೀ ಇತಿಹಾಸದಲ್ಲಿ 1927 ಮತ್ತು 1994ರಲ್ಲಿ ಮಾತ್ರ ಕಾನಟ್ ಪ್ರಾಂತ್ಯದ ಪ್ರಶಸ್ತಿ ಗೆದ್ದ ಲೀಟ್ರಿಮ್ ಒಂದೇ ಸ್ಪರ್ಧೆಯ ತಂಡಗಳು. 2023ರಲ್ಲಿ ಐರಿಶ್ ವಲಸಿಗರ ತಂಡವಾದ ನ್ಯೂಯಾರ್ಕ್ ಚಾಂಪಿಯನ್‌ಷಿಪ್‌ನಲ್ಲಿ ತನ್ನ ಮೊತ್ತಮೊದಲ ಗೆಲುವನ್ನು ಕಂಡಿತು. ಸೋತವರು ಯಾರೆಂದು ನೀವು ಊಹಿಸಿರುತ್ತೀರಿ. 2025ರ ಲೀಗ್‌ನಲ್ಲಿ ಗಾಯಾಳುಗಳೂ ಗೈರುಹಾಜರಾದವರೂ ಹೆಚ್ಚಾಗಿ, ಫರ್ಮಾನಾ ಕೌಂಟಿಯ ವಿರುದ್ಧದ ಪಂದ್ಯಕ್ಕೆ ಲೀಟ್ರಿಮ್ ತಂಡ ಇಳಿಸಲಾಗದೆ ಬಿಟ್ಟುಕೊಡಬೇಕಾಯಿತು. ಆ ವಾರ ತಂಡದಲ್ಲಿ ಉಳಿದಿದ್ದವರನ್ನೇ ಜನ ಆಡಿಕೊಂಡರು ಎಂಬುದು ನನಗೆ ಇಂದಿಗೂ ಅರ್ಥವಾಗದ ಸಂಗತಿ. ಲೆಕ್ಕ ಕೇಳುವುದಾದರೆ ಆಡಳಿತ ಮಂಡಳಿಯನ್ನು, ಹಣ ಹಂಚುವವರನ್ನು, ವೇಳಾಪಟ್ಟಿ ಬರೆಯುವವರನ್ನು ಕೇಳಬೇಕು.

ಇಷ್ಟಾದರೂ ‘ಗೌರವ ಮಾತ್ರ’ ಎಂಬ ನಿಮ್ಮ ಮಾತನ್ನು ನಾನು ಒಪ್ಪಲಾರೆ. ಕ್ಯಾರಿಕ್‌ನ ಮೈದಾನದಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹಿರಿಯ ರೈತರೊಬ್ಬರಿದ್ದರು. ಮೊದಲ ಸಲ ನಾನು ಒಳ್ಳೆಯತನ ತೋರಿಸಲು ಹೋಗಿ, ‘ಪಾಪ, ಹುಡುಗರು ತಮ್ಮ ಕೈಲಾದದ್ದು ಮಾಡುತ್ತಿದ್ದಾರೆ’ ಎಂದೆ. ಅವರು ನನ್ನತ್ತ ತಿರುಗಿ, ‘ಪಾಪ ಯಾಕೆ? ಆ ಆರನೇ ನಂಬರಿನವನು ಎದ್ದು ಬಂದ ಚೆಂಡನ್ನು ಎದೆಗೆ ತೆಗೆದುಕೊಳ್ಳಬೇಕಿತ್ತು, ಕೈಚಾಚಿ ನಿಂತ. ಅದು ಅವನಿಗೂ ಗೊತ್ತು’ ಎಂದರು. ಎಪ್ಪತ್ತು ನಿಮಿಷವೂ ಅವರ ಟೀಕೆ ನಿಲ್ಲಲಿಲ್ಲ, ಆದರೆ ಒಂದು ಮಾತೂ ಹುಡುಗರ ಮನೆತನಕ್ಕೆ, ಮೈಕಟ್ಟಿಗೆ, ಮರ್ಯಾದೆಗೆ ತಾಗಲಿಲ್ಲ. ವಾರಕ್ಕೆ ಮೂವತ್ತು ಗಂಟೆ ಬೆವರು ಸುರಿಸಿದವನ ಆಟವನ್ನು ಆಟವೆಂದೇ ಪರಿಗಣಿಸಿ ತಪ್ಪು ಎಣಿಸಿದ್ದು ನನ್ನ ‘ಪಾಪ’ಕ್ಕಿಂತ ದೊಡ್ಡ ಮರ್ಯಾದೆಯಾಗಿತ್ತು. ಅದೂ ಅಲ್ಲದೆ, ಆ ಆರನೇ ನಂಬರಿನವನು ಸೋಮವಾರ ಬೆಳಿಗ್ಗೆ ಅವರ ಮೊಮ್ಮಗಳಿಗೆ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಮೇಷ್ಟ್ರು. ಮುಖಕ್ಕೆ ಮುಖ ಕೊಟ್ಟು ಹೇಳಲಾಗದ ಮಾತನ್ನು ಸ್ಟ್ಯಾಂಡಿನಲ್ಲಿ ಕೂಗುವುದು ಅಲ್ಲಿ ಅಷ್ಟು ಸುಲಭವಲ್ಲ.

ಟೀಕೆ ಆಟವನ್ನು ದಾಟಿ ಮನುಷ್ಯನ ಮೇಲೆ ಬೀಳುವುದು ದೊಡ್ಡ ತಂಡಗಳಿಗೂ ತಪ್ಪಿದ್ದಲ್ಲ. 2013ರ ಆಲ್-ಐರ್ಲೆಂಡ್ ಕ್ವಾರ್ಟರ್ ಫೈನಲ್‌ನಲ್ಲಿ ಟೈರೋನ್ ಕೌಂಟಿಯ ಆಟಗಾರ ಶಾನ್ ಕ್ಯಾವನಾ, ಗೋಲಿನತ್ತ ನುಗ್ಗುತ್ತಿದ್ದ ಮೊನಹಾನ್ ಕೌಂಟಿಯ ಆಟಗಾರನನ್ನು ತಬ್ಬಿ ಕೆಡವಿದಾಗ, ಟಿವಿ ವಿಶ್ಲೇಷಕ ಜೋ ಬ್ರಾಲಿ ಆ ಕೃತ್ಯವನ್ನಷ್ಟೇ ಖಂಡಿಸದೆ ಕ್ಯಾವನಾ ಎಂಥ ಮನುಷ್ಯ ಎಂಬುದಕ್ಕೇ ಕೈಹಾಕಿದರು. ಫೌಲ್ ಕುರಿತು ಅವರು ಹೇಳಿದ್ದರಲ್ಲಿ ಹುರುಳಿತ್ತು. ಮರುವರ್ಷವೇ ಅಂಥ ಫೌಲ್‌ಗಳಿಗೆ ಆಟಗಾರನನ್ನು ಅಂಗಳದಿಂದ ಹೊರಗೆ ಕಳಿಸುವ ಬ್ಲ್ಯಾಕ್ ಕಾರ್ಡ್ ಬಂತು. ಮನುಷ್ಯನ ಬಗ್ಗೆ ಹೇಳಿದ್ದು ಮಾತ್ರ ಯಾವ ಪ್ರಯೋಜನಕ್ಕೂ ಬರಲಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ, ಅಂದರೆ ಆಡದವನ ಹಕ್ಕಿನ ಪ್ರಶ್ನೆಗೆ, ನನ್ನ ಉತ್ತರ ಹೌದು ಎಂದೇ. ಅದಕ್ಕೂ ಮೊದಲು ಅಂಗಡಿಯಿಂದ ಒಂದು ಗೇಲಿಕ್ ಚೆಂಡು ತಂದು, ಯಾರೂ ಇಲ್ಲದ ಹೊತ್ತಿನಲ್ಲಿ ಉದ್ಯಾನದ ಹುಲ್ಲಿನ ಮೇಲೆ ಓಡುತ್ತಾ ಸೋಲೋ ಮಾಡಿ ನೋಡಿ. ನಾನು ಮಗಳ ಚೆಂಡಿನಲ್ಲಿ ಪ್ರಯತ್ನಿಸಿದೆ. ಎರಡನೆಯ ಸಲಕ್ಕೇ ಅದು ಬೇಲಿ ದಾಟಿ ಪಕ್ಕದವರ ಕಾರಿನ ಕೆಳಗೆ ಸೇರಿತು.