ಹಡಗು ಹತ್ತುವ ದಿನವೇ ಉಶುವಾಯಾಕ್ಕೆ ಇಳಿಯಬೇಡಿ ಸರ್

ಸರ್, ನಿಮ್ಮ ಅಂಟಾರ್ಕ್ಟಿಕಾ ಪೋಸ್ಟ್ ಎರಡು ಸಲ ಓದಿದೆ. ಬೆಳಿಗ್ಗೆ ಬ್ಯೂನಸ್ ಐರಿಸ್‌ನ ಎಸೆಯ್ಸಾ ವಿಮಾನ ನಿಲ್ದಾಣದಲ್ಲಿ ಇಳಿದು, ಟ್ಯಾಕ್ಸಿ ಹಿಡಿದು ಆ ಊರಿನ ಇನ್ನೊಂದು ನಿಲ್ದಾಣ ಏರೋಪಾರ್ಕೆಗೆ ಹೋಗಿ, ಮಧ್ಯಾಹ್ನ ಅರ್ಜೆಂಟೀನಾದ ದಕ್ಷಿಣ ತುದಿಯ ಬಂದರು ಊರು ಉಶುವಾಯಾ ತಲುಪಿ, ನಾಲ್ಕು ಗಂಟೆಗೆ ಹಡಗು ಹತ್ತುವುದು ಅಂತ ಬರೆದಿದ್ದೀರಿ. ಕೆಳಗೆ ಎಲ್ಲರೂ "ಸೂಪರ್ ಪ್ಲ್ಯಾನ್ ಸರ್" ಅಂದಿದ್ದಾರೆ. ಒಬ್ಬರೂ ತಡೆದಿಲ್ಲ. ನೀವು ಮುಖ್ಯವಾಗಿ ಕೇಳಿರುವುದು ದೂರದ್ದನ್ನು ಹತ್ತಿರ ತೋರಿಸುವ ಆ ಭಾರದ 600 ಎಂಎಂ ಲೆನ್ಸ್ ತರಬೇಕಾ ಬೇಡವಾ ಅಂತ. ಅದು ಆಮೇಲೆ. ಮೊದಲು ಆ ಟಿಕೆಟ್ ಬದಲಾಯಿಸಿ.

2024ರ ಜನವರಿಯಲ್ಲಿ ನಾನೂ ನನ್ನ ಹೆಂಡತಿಯೂ ಹೋಗಿದ್ದು ಇದೇ ಲೆಕ್ಕದಲ್ಲಿ. ರಿಟೈರ್ ಆದ ದುಡ್ಡು, ಇಪ್ಪತ್ತು ವರ್ಷದ ಆಸೆ. ಆದರೂ ಉಶುವಾಯಾದಲ್ಲಿ ಎರಡು ರಾತ್ರಿ ಹೋಟೆಲ್ ಬಾಡಿಗೆ ಯಾಕೆ ದಂಡ ಅಂತ ಜಿಪುಣತನ ಮಾಡಿದೆ. ಮೊದಲ ವಿಮಾನ ಎರಡು ಗಂಟೆ ತಡ. ಎಸೆಯ್ಸಾ ಊರಿನ ಆ ಕಡೆ, ಏರೋಪಾರ್ಕೆ ಈ ಕಡೆ ನದಿ ದಂಡೆಯಲ್ಲಿ. ನಡುವೆ ಟ್ರಾಫಿಕ್, ನಮ್ಮ ಸಿಲ್ಕ್ ಬೋರ್ಡ್ ನೆನಪಾಗುವಷ್ಟು. ಓಡಿ ಹೋಗಿ ನಾವೇನೋ ವಿಮಾನ ಹತ್ತಿದೆವು. ನನ್ನ ಸೂಟ್‌ಕೇಸ್ ಹತ್ತಲಿಲ್ಲ.

ಉಶುವಾಯಾದಲ್ಲಿ ಬೆಲ್ಟ್ ನಿಲ್ಲುವವರೆಗೂ ಅಲ್ಲೇ ನಿಂತಿದ್ದೆ. ಹೆಂಡತಿಯ ಪೆಟ್ಟಿಗೆ ಬಂತು. ನನ್ನದು ನಾಳೆ ಬರುತ್ತದೆ ಅಂದರು. ನಾಳೆ ನಾನು ಸಮುದ್ರದ ನಡುವೆ ಇರುತ್ತೇನಲ್ಲ! ಹಡಗು ಕಾಯುವುದಿಲ್ಲ ಸರ್. ನೂರೈವತ್ತು ಜನರನ್ನು ಹತ್ತಿಸಿಕೊಂಡು ಒಬ್ಬನ ಸೂಟ್‌ಕೇಸಿಗೆ ಯಾವ ಕ್ಯಾಪ್ಟನ್ ಕಾಯುತ್ತಾನೆ? ಬಂದರು ಬಿಟ್ಟ ಮೇಲೆ ಮಧ್ಯೆ ಎಲ್ಲೂ ತಂದುಕೊಡುವ ದಾರಿಯೂ ಇಲ್ಲ.

ಆ ಪೆಟ್ಟಿಗೆಯಲ್ಲಿ ಏನಿತ್ತು ಗೊತ್ತಾ? ಥರ್ಮಲ್, ವಾಟರ್‌ಪ್ರೂಫ್ ಪ್ಯಾಂಟ್, ಬಿಪಿ ಮಾತ್ರೆಯ ಅರ್ಧ ಸ್ಟಾಕ್, ಕ್ಯಾಮೆರಾ ಚಾರ್ಜರ್. ಬ್ಯಾಟರಿಗಳನ್ನು ಕೈಚೀಲದಲ್ಲೇ ಒಯ್ಯಬೇಕು ಅನ್ನುವ ನಿಯಮ ಇರುವುದರಿಂದ ನಾಲ್ಕು ಬ್ಯಾಟರಿ ನನ್ನ ಹತ್ತಿರವೇ ಇದ್ದವು. ಚಾರ್ಜರ್ ಮಾತ್ರ ಆ ಪೆಟ್ಟಿಗೆಯಲ್ಲಿ. ಇಂಥ ಬುದ್ಧಿವಂತ ನಾನು. ಒಬ್ಬ ಗೈಡ್ ತನ್ನ ಹಳೇ ಪ್ಯಾಂಟ್ ಕೊಟ್ಟ, ಆರಡಿ ಎತ್ತರದವನದ್ದು, ಕೆಳಗೆ ಮಡಚಿ ಬೂಟಿನೊಳಗೆ ತುರುಕಿಕೊಂಡೆ. ಒಬ್ಬ ಜರ್ಮನ್ ಅಜ್ಜಿಯ ಹತ್ತಿರ ನನ್ನದೇ ಮಾದರಿಯ ಕ್ಯಾಮೆರಾ ಇತ್ತು. ಪುಣ್ಯಾತ್ಗಿತ್ತಿ ರಾತ್ರಿ ಎರಡೆರಡು ಬ್ಯಾಟರಿ ಚಾರ್ಜ್ ಮಾಡಿ ಕೊಡುತ್ತಿದ್ದರು. ಒಂದು ದಿನ ಅವರಿಗೆ ಹುಷಾರಿರಲಿಲ್ಲ, ಬಾಗಿಲು ತಟ್ಟಲು ಮನಸ್ಸಾಗಲಿಲ್ಲ. ಮರುದಿನವೇ ಲೆಮೇರ್ ಚಾನೆಲ್. ಎರಡೂ ಕಡೆ ಬೆಟ್ಟ, ನೀರು ಕನ್ನಡಿ ಹಾಗೆ. ನನ್ನ ಕೊನೆಯ ಬ್ಯಾಟರಿ ಕೆಂಪು ತೋರಿಸಿ ಸತ್ತಿತು. ಲೆಮೇರ್ ಫೋಟೊ ನನ್ನ ಹತ್ತಿರ ಇರುವುದು ಹೆಂಡತಿ ಮೊಬೈಲಿನಲ್ಲಿ ತೆಗೆದದ್ದು ಮಾತ್ರ. ಅದನ್ನು ಈ ಗುಂಪಿನಲ್ಲಿ ಹಾಕಿದಾಗ "ನಿಮ್ಮ ಅತ್ಯುತ್ತಮ ಫೋಟೊ" ಅಂತ ಕಾಮೆಂಟ್ ಬಂತು. ಆ ಸಂಕಟ ನನಗೇ ಗೊತ್ತು.

ಅದಕ್ಕೇ ಹೇಳುವುದು, ಎರಡು ರಾತ್ರಿ ಮೊದಲೇ ಉಶುವಾಯಾದಲ್ಲಿರಿ. ಒಂದು ರಾತ್ರಿ ಸಾಲದು, ತಪ್ಪಿದ ಬ್ಯಾಗ್ ಸಾಮಾನ್ಯವಾಗಿ ಮಾರನೇ ದಿನದ ವಿಮಾನದಲ್ಲಿ ಬರುತ್ತದೆ. ಕೆಲವು ಉಶುವಾಯಾ ವಿಮಾನಗಳು ಎಸೆಯ್ಸಾದಿಂದಲೇ ಹೊರಡುತ್ತವೆ, ಅದು ಸಿಕ್ಕರೆ ದುಡ್ಡು ಜಾಸ್ತಿಯಾದರೂ ಅದನ್ನೇ ಹಿಡಿಯಿರಿ. ವಾಪಸ್ ಬರುವಾಗಲೂ ಹಡಗು ಇಳಿದ ದಿನವೇ ಬೆಂಗಳೂರಿನವರೆಗಿನ ಕನೆಕ್ಷನ್ ಜೋಡಿಸಬೇಡಿ. ಗಾಳಿ ಹೆಚ್ಚಾದರೆ ಹಡಗು ತಡವಾಗಬಹುದು. ಗಂಡ ಹೆಂಡತಿ ಹೋಗುತ್ತಿದ್ದೀರಿ ಅಲ್ವಾ? ಇಬ್ಬರ ಬಟ್ಟೆಯನ್ನೂ ಎರಡೂ ಪೆಟ್ಟಿಗೆಗೆ ಅರ್ಧರ್ಧ ಹಾಕಿ. ಒಂದು ಕಳೆದರೂ ಇಬ್ಬರಿಗೂ ಅರ್ಧ ಬದುಕು ಉಳಿಯುತ್ತದೆ. ಕೈಚೀಲದಲ್ಲಿ ಒಂದು ಜೊತೆ ಥರ್ಮಲ್, ವಾಟರ್‌ಪ್ರೂಫ್ ಪ್ಯಾಂಟ್, ಗ್ಲೌಸ್, ಮಾತ್ರೆ ಪೂರ್ತಿ, ಚಾರ್ಜರ್. ಈ ಐದು ಇಲ್ಲದೆ ಮನೆ ಬಾಗಿಲು ದಾಟಬೇಡಿ. ಜಾಕೆಟ್ ಮತ್ತು ಗಂಬೂಟು ಹೆಚ್ಚಿನ ಹಡಗುಗಳಲ್ಲಿ ಅವರೇ ಕೊಡುತ್ತಾರೆ. ಬುಕಿಂಗ್ ಕಾಗದದಲ್ಲಿ ನೋಡಿಕೊಳ್ಳಿ. ಪ್ಯಾಂಟ್ ಮಾತ್ರ ನಮ್ಮದೇ ಆಗಬೇಕು.

ಬಟ್ಟೆಗೆ ಲಕ್ಷ ಸುರಿಯಬೇಡಿ. ದೊಡ್ಡ ಹೆಸರಿನ ದುಬಾರಿ ಬ್ರ್ಯಾಂಡ್ ಥರ್ಮಲ್ ಹಾಕಿಕೊಂಡವರಿಗೂ ನನ್ನ ಹೆಂಡತಿಗೂ ಚಳಿ ಒಂದೇ ಆಗಿತ್ತು. ಅವಳು ಹಾಕಿದ್ದು ಡೆಕಾಥ್ಲಾನ್‌ನದ್ದು, ಆರಾಮಾಗಿದ್ದಳು. ಅಲ್ಲಿಯ ಬೇಸಿಗೆಯಲ್ಲಿ, ಈ ಹಡಗುಗಳು ಹೋಗುವ ಅಂಟಾರ್ಕ್ಟಿಕ್ ಪೆನಿನ್ಸುಲಾದ (ಪರ್ಯಾಯ ದ್ವೀಪದ) ಕಡೆ ಸೊನ್ನೆಯ ಆಚೀಚೆ ಇರುತ್ತದೆ ಅಷ್ಟೇ. ಜನ ಮೈನಸ್ ನಲವತ್ತು ಅಂದುಕೊಂಡು ಐದು ಪದರ ಹಾಕಿ, ಹಿಮದಲ್ಲಿ ಗುಡ್ಡ ಹತ್ತಿ ಬೆವರುತ್ತಾರೆ. ಆ ಬೆವರೇ ಹಡಗಿನಿಂದ ದಡಕ್ಕೆ ಕರೆದೊಯ್ಯುವ ರಬ್ಬರ್ ದೋಣಿಯಲ್ಲಿ ಕೂತಾಗ ನಡುಗಿಸುವುದು. ದುಡ್ಡು ಹಾಕುವುದಾದರೆ ಗ್ಲೌಸಿಗೆ ಹಾಕಿ. ಒಳಗೆ ತೆಳ್ಳನೆಯದು, ಮೇಲೆ ನೀರು ಇಳಿಯದ ದಪ್ಪನೆಯದು.

ಈಗ ನಿಮ್ಮ 600 ಎಂಎಂ. ಬೇಡ. ಕ್ಯಾನನ್ನೋ ನಿಕಾನೋ ಸೋನಿಯೋ ಅನ್ನುವ ಜಗಳವೂ ಇಲ್ಲಿ ಬೇಡ. ಪೆಂಗ್ವಿನ್‌ನಿಂದ ನಾವು 5 ಮೀಟರ್ ದೂರ ಇರಬೇಕು ಅಂತ ನಿಯಮ. ಆ ನಿಯಮ ಪೆಂಗ್ವಿನ್ನಿಗೆ ಗೊತ್ತಿಲ್ಲ. ಕುವರ್‌ವಿಲ್ ದ್ವೀಪದಲ್ಲಿ ಒಂದು ಜೆಂಟೂ ಪೆಂಗ್ವಿನ್ ಬಂದು ನನ್ನ ಬೂಟನ್ನೇ ನೋಡುತ್ತಾ ನಿಂತಿತ್ತು. 24-105 ಎಂಎಂ ಲೆನ್ಸ್ ಒಂದು, 100-400 ಎಂಎಂ ಲೆನ್ಸ್ ಒಂದು, ಮುಗಿಯಿತು. ಸಾಧ್ಯವಾದರೆ ಎರಡು ಕ್ಯಾಮೆರಾ ಬಾಡಿ, ಯಾಕೆಂದರೆ ರಬ್ಬರ್ ದೋಣಿಯಲ್ಲಿ ಉಪ್ಪು ನೀರು ಎರಚುವಾಗ ಲೆನ್ಸ್ ಬದಲಾಯಿಸುವುದು ಹುಚ್ಚುತನ. ತಿಮಿಂಗಿಲವೇ ಮುಖ್ಯ ಅನ್ನುವವರು ಫೆಬ್ರವರಿ, ಮಾರ್ಚ್ ನೋಡಬೇಕಿತ್ತು. ನೀವು ಹೋಗುವ ಡಿಸೆಂಬರಿನಲ್ಲಿ ಹಿಮ ಶುಭ್ರವಾಗಿರುತ್ತದೆ. ತಿಂಗಳ ಕೊನೆಗೆ ಮರಿಗಳು ಹೊರಬರಲು ಶುರು.

ಕೆಳಗೆ ಕಾಮೆಂಟಿನಲ್ಲಿ ಒಬ್ಬರು "ಬಂಡೆ ಮೇಲೆ ಮಲಗಿ ಪೆಂಗ್ವಿನ್ ಕಣ್ಣಿನ ಮಟ್ಟದಲ್ಲಿ ತೆಗೆಯಿರಿ" ಅಂತ ಸಲಹೆ ಕೊಟ್ಟಿದ್ದಾರೆ. ದಯವಿಟ್ಟು ಹಳೇ ಪುರಾಣ ಹೇಳಬೇಡಿ. ಹಕ್ಕಿ ಜ್ವರ ಅಲ್ಲಿಗೂ ಮುಟ್ಟಿದೆ. ನಾವು ಹೋದಾಗ ದಡದಲ್ಲಿ ಮಲಗುವಂತಿಲ್ಲ, ಕೂರುವಂತಿಲ್ಲ, ಮಂಡಿ ಊರುವಂತಿಲ್ಲ, ಬ್ಯಾಗ್ ಕೂಡ ನೆಲಕ್ಕೆ ಇಡುವಂತಿಲ್ಲ. ಅಂದರೆ ಆ ದೊಡ್ಡ ಕ್ಯಾಮೆರಾ ಬ್ಯಾಗನ್ನು ಇಳಿದಷ್ಟೂ ಹೊತ್ತು ಹೊತ್ತುಕೊಂಡೇ ನಿಲ್ಲಬೇಕು. 600 ಬೇಡ ಅಂದಿದ್ದು ಇದಕ್ಕೂ ಸೇರಿ. ಬಗ್ಗಿ ತೆಗೆಯಬಹುದು, ತಿರುಗುವ ಸ್ಕ್ರೀನ್ ಇದ್ದರೆ ಇನ್ನೂ ಸುಲಭ. ಡ್ರೋನ್ ಮನೆಯಲ್ಲೇ ಬಿಡಿ. ಪ್ರವಾಸಿಗರು ಮೋಜಿಗೆ ಹಾರಿಸುವುದನ್ನು ಅಲ್ಲಿ ಬಿಡುವುದಿಲ್ಲ.

ಹಿಮದಲ್ಲಿ ಕ್ಯಾಮೆರಾದ ಬೆಳಕಿನ ಮೀಟರ್ ನಂಬಿದರೆ ಎಲ್ಲ ಬೂದಿ ಬಣ್ಣ ಬರುತ್ತದೆ, ಎಕ್ಸ್‌ಪೋಶರ್ ಒಂದು ಸ್ಟಾಪ್ ಮೇಲಕ್ಕೆ ಇಡಿ. ನಿಮಗೆ ಗೊತ್ತಿರುವುದೇ. ಗೊತ್ತಿದ್ದೂ ಮರೆಯುವುದು ಒಳಗೆ ಬಂದಾಗ. ಹೊರಗಿನ ಚಳಿಯಿಂದ ಕ್ಯಾಬಿನ್ನಿನ ಬಿಸಿಗೆ ಕ್ಯಾಮೆರಾ ತಂದರೆ ಫ್ರಿಜ್ಜಿನಿಂದ ತೆಗೆದ ಬಾಟಲಿ ಹಾಗೆ ಬೆವರುತ್ತದೆ. ಹೊರಗಿರುವಾಗಲೇ ಜಿಪ್‌ಲಾಕ್ ಕವರಿಗೆ ಹಾಕಿ ಬಿಗಿ ಮಾಡಿ, ಒಳಗೆ ಬಂದು ಒಂದು ಗಂಟೆ ಮುಟ್ಟಬೇಡಿ. ಮೆಮೊರಿ ಕಾರ್ಡ್ ಬೇಕಿದ್ದರೆ ಹೊರಗೇ ತೆಗೆದುಕೊಳ್ಳಿ. ಬ್ಯಾಟರಿ ಒಳಜೇಬಿನಲ್ಲಿರಲಿ.

ದಕ್ಷಿಣ ಅಮೆರಿಕಕ್ಕೂ ಅಂಟಾರ್ಕ್ಟಿಕಾಕ್ಕೂ ನಡುವಿನ ಸಮುದ್ರ, ಡ್ರೇಕ್ ಪ್ಯಾಸೇಜ್ ಬಗ್ಗೆ ಒಂದು ಮಾತು. ಹೋಗುವಾಗ ಸುಮಾರು ಎರಡು ದಿನ, ಬರುವಾಗ ಮತ್ತೆ ಎರಡು ದಿನ. ಹಡಗು ಸಂಜೆ ಹೊರಟು ಬೀಗಲ್ ಚಾನೆಲ್‌ನಲ್ಲಿ ಸಾಗುವಾಗ ನೀರು ಕೆರೆ ಹಾಗಿರುತ್ತದೆ. ಇದೇನಾ ಡ್ರೇಕ್ ಅಂತ ನಗುತ್ತಾ ಹೊಟ್ಟೆ ತುಂಬಾ ಊಟ ಮಾಡಿದೆ. ಮಧ್ಯರಾತ್ರಿ ತೆರೆದ ಸಮುದ್ರ ಸಿಕ್ಕಿತು. ಮುಂದಿನದು ಬೇಡ. ವಾಂತಿ ಶುರುವಾದ ಮೇಲೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಬೀಗಲ್‌ನಲ್ಲಿರುವಾಗಲೇ ತೆಗೆದುಕೊಳ್ಳಬೇಕು. ಅವೋಮಿನ್ ನನಗೆ ಹಿಡಿಯಿತು, ಆದರೆ ಮಂಪರು ಬರುತ್ತದೆ. ಬಿಪಿ, ಪ್ರಾಸ್ಟೇಟ್, ಗ್ಲಾಕೋಮಾ ಏನಾದರೂ ಇದ್ದರೆ ಡಾಕ್ಟರನ್ನು ಕೇಳದೆ ಯಾವುದೂ ಬೇಡ. ಕಿವಿ ಹಿಂದೆ ಅಂಟಿಸುವ ಪ್ಯಾಚೂ ಅಷ್ಟೇ. ಕ್ಯಾಬಿನ್ ಆರಿಸುವ ಅವಕಾಶ ಇನ್ನೂ ಇದ್ದರೆ ಕೆಳ ಅಂತಸ್ತು, ಹಡಗಿನ ನಡುಭಾಗ. ಬಾಲ್ಕನಿ ಆಸೆಗೆ ಮೇಲಕ್ಕೆ ಹೋದಷ್ಟೂ ತೂಗಾಟ ಜಾಸ್ತಿ. ಲೆನ್ಸುಗಳನ್ನು ಮೇಜಿನ ಮೇಲಿಡಬೇಡಿ, ನೆಲದಲ್ಲಿ ದಿಂಬಿನ ನಡುವೆ ಇಡಿ.

ಮೇಡಂ ಒಬ್ಬರು ಇದಕ್ಕಿಂತ ಅಗ್ಗದ ದೊಡ್ಡ ಹಡಗಿನ ಲಿಂಕ್ ಹಾಕಿದ್ದಾರೆ. ಮೇಡಂ, 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿನವರು ದಡಕ್ಕೆ ಇಳಿಸುವುದೇ ಇಲ್ಲ, ಡೆಕ್ ಮೇಲಿಂದ ನೋಡಿ ಬರಬೇಕು. ಒಂದು ಜಾಗದಲ್ಲಿ ಒಮ್ಮೆಗೆ 100 ಜನರಷ್ಟೇ ಇಳಿಯಬಹುದು. ಹಾಗಾಗಿ ನೂರು ನೂರೈವತ್ತು ಜನರ ಹಡಗಾದರೆ ದಡದಲ್ಲಿ ಹೊತ್ತು ಜಾಸ್ತಿ ಸಿಗುತ್ತದೆ. ಕನಸಿನ ಪ್ರವಾಸದಲ್ಲಿ ಉಳಿತಾಯ ಮಾಡಬಾರದ ಜಾಗ ಇದು.

ಕಾಗದಪತ್ರದಲ್ಲಿ ಎರಡು ವಿಷಯ. ಅರ್ಜೆಂಟೀನಾದಿಂದ ಹೊರಟು ಮತ್ತೆ ಅಲ್ಲಿಗೇ ಬರುತ್ತೀರಿ, ಆದ್ದರಿಂದ ವೀಸಾ ಮಲ್ಟಿಪಲ್ ಎಂಟ್ರಿಯಾ ನೋಡಿ. ಇನ್ನೊಂದು, ಯೆಲ್ಲೋ ಫೀವರ್ ಲಸಿಕೆಯ ಹಳದಿ ಕಾರ್ಡ್. ಹೋಗುವಾಗ ಸಾಮಾನ್ಯವಾಗಿ ಕೇಳುವುದಿಲ್ಲ, ವಾಪಸ್ ಬೆಂಗಳೂರಿನಲ್ಲಿ ಕೇಳುತ್ತಾರೆ. ನಮ್ಮ ಸರ್ಕಾರದ ಯೆಲ್ಲೋ ಫೀವರ್ ದೇಶಗಳ ಪಟ್ಟಿಯಲ್ಲಿ ಅರ್ಜೆಂಟೀನಾ ಕೂಡ ಇದೆ. ಆ ಕಾರ್ಡ್ ಇಲ್ಲದೆ ಬಂದರೆ 6 ದಿನದವರೆಗೆ ಕ್ವಾರಂಟೈನಿನಲ್ಲಿ ಕೂರಿಸಬಹುದು. ಲಸಿಕೆ ಹಾಕಿಸಿ 10 ದಿನ ಕಳೆದಿರಬೇಕು. ಅರವತ್ತು ದಾಟಿದವರು ಡಾಕ್ಟರ ಹತ್ತಿರ ಮಾತಾಡಿಯೇ ಹಾಕಿಸಿಕೊಳ್ಳಿ, ಸುಮ್ನೆ ಹೋಗಿ ಸಾಲಿನಲ್ಲಿ ನಿಲ್ಲಬೇಡಿ.

ಊಟದ ಚಿಂತೆ ಬೇಡ, ಸಸ್ಯಾಹಾರ ಮೊದಲೇ ತಿಳಿಸಿದರೆ ಮಾಡುತ್ತಾರೆ. ಎರಡನೇ ವಾರಕ್ಕೆ ಮಾತ್ರ ಚಟ್ನಿಪುಡಿ ಬೇಕೇ ಬೇಕು ಅನ್ನಿಸುತ್ತದೆ. ಅಂಗಡಿಯ ಸೀಲ್ ಮಾಡಿದ ಪ್ಯಾಕೆಟ್ ಒಯ್ಯಿರಿ, ಕಸ್ಟಮ್ಸ್‌ನಲ್ಲಿ ಕೇಳಿದರೆ ತೋರಿಸಿ. ಚಿಲಿಯ ಪುಂತಾ ಅರೆನಾಸ್ ಮೂಲಕ ಹೋಗುವವರು ತಿಂಡಿ ಇದೆ ಅಂತ ಫಾರ್ಮಿನಲ್ಲಿ ಬರೆಯದೆ ಇದ್ದರೆ ದಂಡ. ದಡಕ್ಕಂತೂ ಜೇಬಿನಲ್ಲಿ ಕಡಲೆಬೀಜವನ್ನೂ ಒಯ್ಯುವಂತಿಲ್ಲ. ಇಳಿಯುವ ಮೊದಲು ಜೇಬು, ವೆಲ್ಕ್ರೋ ಎಲ್ಲ ವ್ಯಾಕ್ಯೂಮ್ ಮಾಡಿಸುತ್ತಾರೆ. ಒಂದು ಹುಲ್ಲಿನ ಬೀಜವೂ ಅಲ್ಲಿಗೆ ಹೋಗಬಾರದು. ನಮ್ಮ ಮಲೆನಾಡಿನಲ್ಲಿ ತಿರುಗಿದ ಬ್ಯಾಗಿನ ಹೊಲಿಗೆಯಲ್ಲಿ ಎಷ್ಟು ಅಂಟುಪುರಲೆ ಸಿಕ್ಕಿತ್ತು ಅಂತೀರಿ! ಮನೆಯಲ್ಲೇ ಕ್ಲೀನ್ ಮಾಡಿಕೊಂಡು ಹೋಗಿ.

ಅಂಟಾರ್ಕ್ಟಿಕಾದಲ್ಲಿರುವ ಭಾರತದ ಸಂಶೋಧನಾ ಕೇಂದ್ರ ಮೈತ್ರಿ ನೋಡಬಹುದಾ ಅಂತಲೂ ಕೇಳಿದ್ದೀರಿ. ಆಗಲ್ಲ. ನಮ್ಮ ಮೈತ್ರಿ, ಭಾರತಿ ಕೇಂದ್ರಗಳು ಖಂಡದ ಇನ್ನೊಂದು ಕಡೆ ಇವೆ, ಈ ಹಡಗುಗಳು ಹೋಗುವ ಪೆನಿನ್ಸುಲಾದಿಂದ ಸಾವಿರಾರು ಕಿಲೋಮೀಟರ್ ದೂರ. ಬದಲಿಗೆ ನಿಮ್ಮ ದಾರಿಯಲ್ಲಿ ಬ್ರಿಟಿಷರ ಹಳೇ ನೆಲೆ ಪೋರ್ಟ್ ಲಾಕ್ರಾಯ್ ಇದ್ದರೆ ಅಲ್ಲಿಯ ಅಂಚೆ ಕಚೇರಿಯಿಂದ ಮೊಮ್ಮಕ್ಕಳಿಗೆ ಕಾರ್ಡ್ ಹಾಕಿ. ಅದು ಫಾಕ್‌ಲ್ಯಾಂಡ್, ಇಂಗ್ಲೆಂಡ್ ಸುತ್ತಿಕೊಂಡು ಬರುತ್ತದೆ. ನಮ್ಮದು ಶಿವಮೊಗ್ಗ ಮುಟ್ಟಲು ತಿಂಗಳುಗಳೇ ಹಿಡಿದವು. ಪಿನ್‌ಕೋಡ್ ದಪ್ಪಗೆ ಬರೆಯಿರಿ.