ಎಲೆವಾನ್ ಮಿಕ್ಸ್‌ನಲ್ಲಿ ಮೈನಸ್ ಯಾವ ಸಾಲಿಗೆ?

ಬಾಲವಿಲ್ಲದ ಆರ್‌ಸಿ ವಿಮಾನದಲ್ಲಿ ರೆಕ್ಕೆಗಳ ಹಿಂದಂಚಿನ ಎರಡು ಪಟ್ಟಿಗಳೇ ಎಲಿವೇಟರ್ (ಮೂಗು ಏರಿಳಿಸುವುದು), ಐಲರಾನ್ (ಎಡಬಲಕ್ಕೆ ಹೊರಳಿಸುವುದು) ಎರಡೂ ಕೆಲಸ ಮಾಡುತ್ತವೆ; ಅವೇ ಎಲೆವಾನ್. ನಿಮ್ಮದರಲ್ಲಿ ಎಲಿವೇಟರ್ ಸ್ಟಿಕ್ ಹಿಂದಕ್ಕೆ ಎಳೆದರೆ ಎಡಪಟ್ಟಿ ಮೇಲೆ, ಬಲಪಟ್ಟಿ ಕೆಳಗೆ. ಅದನ್ನು ಸರಿಮಾಡಲು ರೇಡಿಯೊದ ಮಿಕ್ಸಸ್ ಪುಟದ (ಯಾವ ಸ್ಟಿಕ್ ಯಾವ ಚಾನೆಲ್‌ಗೆ ಎಷ್ಟು ಅಂತ ಕೂಡಿಸುವ ಜಾಗ) ಯಾವ ಸಾಲಿಗೆ ಮೈನಸ್ ಕೊಡಲಿ, ಇಲ್ಲಾ ಸಣ್ಣ ಮಿಕ್ಸರ್ ಬೋರ್ಡ್ ಒಂದನ್ನು ತಂದು ರಿಸೀವರ್‌ಗೆ ಸಿಕ್ಕಿಸಲೇ ಅಂತ ಕೇಳಿದ್ದೀರಿ. ಎರಡೂ ಬೇಡ. ಆ ಮೈನಸ್ಸನ್ನು ನಾನೂ ಹಾಕಿದ್ದೆ. 900 ಮಿಲಿಮೀಟರ್ ಅಗಲದ ಸನ್‌ಪ್ಯಾಕ್ ಶೀಟಿನ ಫ್ಲೈಯಿಂಗ್ ವಿಂಗ್ ಕೈಬಿಟ್ಟ ಒಂದೇ ಸೆಕೆಂಡಿನಲ್ಲಿ ನೆಲಕ್ಕೆ ಬಿತ್ತು.

ನಿಮ್ಮ ಮಿಕ್ಸ್‌ನಲ್ಲಿ ತಪ್ಪೇನೂ ಇಲ್ಲ. ಎರಡೂ ರೆಕ್ಕೆಯಲ್ಲಿ ಪಟ್ಟಿ ಅಲ್ಲಾಡಿಸುವ 9 ಗ್ರಾಂ ಸರ್ವೊ ಮೋಟರುಗಳನ್ನು ಕನ್ನಡಿಯ ಬಿಂಬದ ಹಾಗೆ ಎದುರುಬದುರು ಕೂರಿಸಿರುತ್ತೀರಿ. ಎರಡಕ್ಕೂ ಒಂದೇ ಸಿಗ್ನಲ್ ಹೋದಾಗ ಎರಡೂ ಹಾರ್ನ್ (ಸರ್ವೊದ ತೋಳು) ಒಂದೇ ದಿಕ್ಕಿಗೆ ತಿರುಗುತ್ತವೆ. ಒಂದು ಪುಶ್‌ರಾಡ್ (ತೋಳಿನಿಂದ ಪಟ್ಟಿಗೆ ಹೋಗುವ ಕಡ್ಡಿ) ತಳ್ಳುತ್ತದೆ, ಇನ್ನೊಂದು ಎಳೆಯುತ್ತದೆ. ಇದು ಸರ್ವೊ ಕೂತಿರುವ ರೀತಿಯ ಗುಣ, ಲೆಕ್ಕದ ತಪ್ಪಲ್ಲ. ರೇಡಿಯೊದ ಸಾಫ್ಟ್‌ವೇರ್ ಆದ ಎಡ್ಜ್‌ಟಿಎಕ್ಸ್‌ನಲ್ಲಿ ಇದನ್ನು ತಿದ್ದಬೇಕಾದ ಜಾಗ ಔಟ್‌ಪುಟ್ಸ್ ಪುಟ. ಅಲ್ಲಿ ಆ ಚಾನೆಲ್‌ನ ದಿಕ್ಕನ್ನು ಇನ್ವರ್ಟ್ ಮಾಡಿದರೆ ಮುಗಿಯಿತು.

ನಾನು ಮಾಡಿದ್ದು ಹೀಗೆ. ಬಲ ಸರ್ವೊ ಇರುವ ಚಾನೆಲ್ 2ರ ಎಲಿವೇಟರ್ ತೂಕ (ವೆಯ್ಟ್, ಅಂದರೆ ಶೇಕಡಾ ಪಾಲು) 50 ಇದ್ದದ್ದನ್ನು −50 ಮಾಡಿದೆ. ಎಲಿವೇಟರ್ ಸರಿಹೋಯಿತು, ಐಲರಾನ್ ಮೊದಲಿನಂತೆ ತಪ್ಪಾಗಿಯೇ ಉಳಿಯಿತು. ಸರಿ, ಅದೇ ಚಾನೆಲ್‌ನ ಐಲರಾನ್ −50 ಇದ್ದದ್ದನ್ನು +50 ಮಾಡಿದೆ. ಎಲ್ಲ ಸರಿಯಾಗಿ ಕಂಡಿತು. ಹಾರಿತು ಕೂಡ, ಹತ್ತಾರು ಬಾರಿ. ಈ ತಪ್ಪಿನ ಕೆಟ್ಟ ಗುಣವೇ ಅದು: ಬಚ್ಚಿಟ್ಟುಕೊಳ್ಳುತ್ತದೆ. ಸ್ಟಿಕ್, ಟ್ರಿಮ್, ಎಕ್ಸ್‌ಪೊ (ನಡುವಿನಲ್ಲಿ ಸ್ಟಿಕ್ಕನ್ನು ಮೃದು ಮಾಡುವುದು), ಡ್ಯುಯಲ್ ರೇಟ್ (ಚಲನೆಯ ಮಿತಿ ಬದಲಿಸುವುದು) ಎಲ್ಲವೂ ಆ ಎರಡು ಸಾಲುಗಳ ಮೂಲಕವೇ ಬರುವುದರಿಂದ ತಲೆಕೆಳಗಾದ ಚಿಹ್ನೆ ಅವಕ್ಕೆಲ್ಲ ಸಮನಾಗಿ ಅನ್ವಯಿಸುತ್ತದೆ. ಸ್ಟಿಕ್ ದಾರಿಯಲ್ಲಿ ಬಾರದ ಏನಾದರೂ ಒಂದು ಸೇರಿದ ದಿನ ಅದು ಹೊರಬೀಳುತ್ತದೆ.

ನನಗೆ ಅದು ಲಾಂಚ್ ಮಿಕ್ಸ್. ಕೈಯಿಂದ ಎಸೆಯುವಾಗ ಮೂಗು ತಗ್ಗದಿರಲಿ ಅಂತ ಸ್ವಿಚ್ಚೊಂದಕ್ಕೆ ಕಟ್ಟಿ ಎರಡೂ ಚಾನೆಲ್‌ಗೆ ಮ್ಯಾಕ್ಸ್ ಮೂಲದಿಂದ (ಸದಾ 100 ಕೊಡುವ ಮೂಲ) −10 ಕೂಡಿಸಿದೆ. ಎರಡೂ ಪಟ್ಟಿ ಮೇಲೇಳಬೇಕಿತ್ತು. ಚಾನೆಲ್ 2ರ ಸರ್ವೊ ದಿಕ್ಕು ಔಟ್‌ಪುಟ್ಸ್‌ನಲ್ಲಿ ತಿದ್ದಿರಲಿಲ್ಲವಲ್ಲ, ಎಡಪಟ್ಟಿ 10 ಮೇಲೆ, ಬಲಪಟ್ಟಿ 10 ಕೆಳಗೆ ಹೋಯಿತು. ಐಲರಾನ್ ತೂಕ 50 ಇರುವಾಗ ಇದು ಐಲರಾನ್ ಸ್ಟಿಕ್ಕನ್ನು ಎಡಕ್ಕೆ 20% ಒತ್ತಿ ಹಿಡಿದಂತೆ. ಹಿಂದಿನಿಂದ ನೋಡಿದರೆ ಪ್ರದಕ್ಷಿಣವಾಗಿ ತಿರುಗುವ ಪ್ರೊಪೆಲ್ಲರ್ ಮಾದರಿಯನ್ನು ಹೊರಳಿಸುವುದೂ ಎಡಕ್ಕೇ. ಮೋಡ್ 2ರಲ್ಲಿ (ಐಲರಾನ್ ಸ್ಟಿಕ್ ಬಲಗೈಗೆ ಬರುವ ಜೋಡಣೆ) ಬಲಗೈ ಎಸೆಯುವುದರಲ್ಲಿರುತ್ತದೆ, ಐಲರಾನ್ ಸ್ಟಿಕ್ ಮೇಲೆ ಬೆರಳಿಲ್ಲ. ಸ್ವಿಚ್ ಹಾಕಿ ಪರೀಕ್ಷಿಸಿರಲಿಲ್ಲವೇ ಅಂದರೆ, ಪರೀಕ್ಷಿಸಿದ್ದೆ. ಪಕ್ಕದಲ್ಲಿ ನಿಂತು ಹತ್ತಿರದ ಪಟ್ಟಿ ಎದ್ದದ್ದನ್ನಷ್ಟೇ ನೋಡಿದ್ದೆ.

ಈಗ ಮೊದಲಿನಿಂದ. ಪ್ರೊಪೆಲ್ಲರ್ ಬಿಚ್ಚಿಡಿ. ಎಡ ಸರ್ವೊ ಚಾನೆಲ್ 1ಕ್ಕೆ, ಬಲ ಸರ್ವೊ 2ಕ್ಕೆ. ಮಿಕ್ಸಸ್ ಪುಟದಲ್ಲಿ ಚಾನೆಲ್ 1: ಐಲರಾನ್ +50, ಎಲಿವೇಟರ್ +50. ಚಾನೆಲ್ 2: ಐಲರಾನ್ −50, ಎಲಿವೇಟರ್ +50. ಎಲ್ಲ ಸಾಲುಗಳ ಮಲ್ಟಿಪ್ಲೆಕ್ಸ್ (ಮೇಲಿನ ಸಾಲಿನ ಜೊತೆ ಸೇರುವ ರೀತಿ) 'ಆ್ಯಡ್' ಆಗಿರಬೇಕು. ಎರಡನೆಯ ಸಾಲು 'ರಿಪ್ಲೇಸ್' ಆಗಿದ್ದರೆ ಮೇಲಿನದನ್ನು ನುಂಗಿಹಾಕುತ್ತದೆ. ಇಡೀ ಮಿಕ್ಸ್‌ನಲ್ಲಿ ಸ್ಟಿಕ್ ಸಾಲಿನ ಮೈನಸ್ ಆ ಒಂದೇ. ಎಡ್ಜ್‌ಟಿಎಕ್ಸ್‌ನಲ್ಲಿ ಎಲಿವೇಟರ್ ಸ್ಟಿಕ್ ಮುಂದಕ್ಕೆ ತಳ್ಳಿದರೆ ಪ್ಲಸ್, ಐಲರಾನ್ ಬಲಕ್ಕೆ ಒತ್ತಿದರೆ ಪ್ಲಸ್. ಹಾಗಾಗಿ ಈ ಮಿಕ್ಸ್‌ನಲ್ಲಿ ಪ್ಲಸ್ ಅಂದರೆ ಪಟ್ಟಿ ಕೆಳಕ್ಕೆ, ಮೈನಸ್ ಅಂದರೆ ಮೇಲಕ್ಕೆ. ಮುಂದೆ ಏನು ಸೇರಿಸಿದರೂ ಇದೇ ಭಾಷೆ.

ಇನ್ನು ಮಾದರಿಯ ಹಿಂದೆ ನಿಲ್ಲಿ, ಎದುರಿಗಲ್ಲ. ಎಲಿವೇಟರ್ ಸ್ಟಿಕ್ ಹಿಂದಕ್ಕೆ ಎಳೆಯಿರಿ. ಎಡಪಟ್ಟಿ ಮೇಲೇಳದಿದ್ದರೆ ಔಟ್‌ಪುಟ್ಸ್‌ನಲ್ಲಿ ಚಾನೆಲ್ 1 ಇನ್ವರ್ಟ್. ಬಲಪಟ್ಟಿ ಏಳದಿದ್ದರೆ ಚಾನೆಲ್ 2 ಇನ್ವರ್ಟ್. ಇದಾದ ಮೇಲಷ್ಟೇ ಐಲರಾನ್ ಬಲಕ್ಕೆ: ಬಲಪಟ್ಟಿ ಮೇಲೆ, ಎಡಪಟ್ಟಿ ಕೆಳಗೆ ಹೋಗಬೇಕು. ಎಲಿವೇಟರ್ ಸರಿಯಿದ್ದೂ ಐಲರಾನ್ ಉಲ್ಟಾ ಇದ್ದರೆ ಮತ್ತೆ ಇನ್ವರ್ಟ್ ಮುಟ್ಟಬೇಡಿ. ರಿಸೀವರ್‌ನಲ್ಲಿ ಎರಡು ವೈರ್ ಅದಲುಬದಲಾಗಿವೆ. ಕಿತ್ತು ಬದಲಿಸಿ, ಎಲಿವೇಟರ್ ಪರೀಕ್ಷೆಯನ್ನು ಮತ್ತೆ ಮೊದಲಿಂದ ಮಾಡಿ. ಸರ್ವೊ ಎದುರುಬದುರು ಇದ್ದರೆ ವೈರ್ ಬದಲಿಸಿದ ಕೂಡಲೇ ಎರಡೂ ಪಟ್ಟಿ ಎಲಿವೇಟರ್‌ಗೆ ಉಲ್ಟಾ ಕಾಣುತ್ತವೆ. ಗಾಬರಿ ಬೇಡ, ಎರಡೂ ಚಾನೆಲ್‌ನ ದಿಕ್ಕು ತಿರುಗಿಸಿದರೆ ಎಲ್ಲ ಸರಿ.

50 ಏಕೆಂದರೆ 50 ಮತ್ತು 50 ಸೇರಿ 100. ಚುರುಕಾಗಲಿ ಅಂತ 100, 100 ಕೊಡುವವರಿದ್ದಾರೆ. ಎಲಿವೇಟರ್ ಪೂರ್ತಿ ಎಳೆದಾಗ ಎರಡೂ ಪಟ್ಟಿ ಗಡಿ ಮುಟ್ಟಿರುತ್ತವೆ. ಈಗ ಐಲರಾನ್ ಕೊಟ್ಟರೆ ಒಂದು ಪಟ್ಟಿಗೆ ಮೇಲೇಳಲು ಜಾಗವಿಲ್ಲ, ಇನ್ನೊಂದು ಇಳಿದು ಏರುತ್ತಿದ್ದ ಮೂಗನ್ನೂ ತಗ್ಗಿಸುತ್ತದೆ. ಚಲನೆ ಸಾಲದಿದ್ದರೆ ಪುಶ್‌ರಾಡನ್ನು ಸರ್ವೊ ಹಾರ್ನ್‌ನ ಹೊರತೂತಿಗೆ ಹಾಕಿ. ಈ ಗಾತ್ರದ ರೆಕ್ಕೆಗೆ ಐಲರಾನ್ 15 ಮಿ.ಮೀ., ಎಲಿವೇಟರ್ 10 ಮಿ.ಮೀ. (ಡ್ಯುಯಲ್ ರೇಟ್‌ನಲ್ಲಿ ತಗ್ಗಿಸಿ), ಎಕ್ಸ್‌ಪೊ 30 ಇಟ್ಟು ಶುರುಮಾಡಿ. ಸ್ಟಿಕ್ ನಡುವಿನಲ್ಲಿದ್ದಾಗ ಎರಡೂ ಪಟ್ಟಿ 2–3 ಮಿ.ಮೀ. ಮೇಲಿರಬೇಕು. ಅದನ್ನು ಪುಶ್‌ರಾಡ್ ಉದ್ದದಲ್ಲೇ ಹೊಂದಿಸಿ, ಸಬ್‌ಟ್ರಿಮ್‌ನಲ್ಲಿ (ರೇಡಿಯೊದಲ್ಲಿ ಸರ್ವೊದ ನಡುಬಿಂದು ಸರಿಸುವುದು) ಎಳೆದಾಡಬೇಡಿ.

ಲಾಂಚ್ ಮಿಕ್ಸ್ ಬೇಕೇ ಬೇಕೆಂದರೆ ಎರಡೂ ಚಾನೆಲ್‌ಗೆ −10, ಸ್ವಿಚ್ ಕಟ್ಟಿ. ಅದನ್ನು ತೆಗೆದಾಗ ಮೂಗು ತಟ್ಟನೆ ಬೀಳದಂತೆ ಸ್ಲೋ 2 ಸೆಕೆಂಡ್ ಕೊಡಿ. ಆಮೇಲೆ ಪ್ರತಿ ಸ್ವಿಚ್ಚನ್ನೂ ಹಿಂದೆ ನಿಂತು, ಎರಡೂ ಪಟ್ಟಿ ನೋಡುತ್ತಾ ಹಾಕಿ ತೆಗೆಯಿರಿ.

ಆ ಬೋರ್ಡ್ ವಿಚಾರ. ಅದು ತಾನೇ ಮಿಕ್ಸ್ ಮಾಡುತ್ತದೆ, ಐನ್ಯಾವ್ ಸಾಫ್ಟ್‌ವೇರ್ ಹಾಕಿದ ಫ್ಲೈಟ್ ಕಂಟ್ರೋಲರ್ (ವಿಮಾನದೊಳಗಿನ ನಿಯಂತ್ರಣ ಬೋರ್ಡ್) ಕೂಡ. ಅಂಥದ್ದನ್ನು ಹಾಕುವುದಾದರೆ ರೇಡಿಯೊದ ಮಿಕ್ಸ್ ಅಳಿಸಿ ಬರಿಯ ಐಲರಾನ್, ಎಲಿವೇಟರ್ ಕಳಿಸಬೇಕು. ಮರೆತರೆ ಗುರುತು ಸುಲಭ: ಎಲಿವೇಟರ್ ಸ್ಟಿಕ್‌ಗೆ ಒಂದೇ ಪಟ್ಟಿ, ಐಲರಾನ್ ಸ್ಟಿಕ್‌ಗೆ ಇನ್ನೊಂದೇ ಪಟ್ಟಿ ಅಲ್ಲಾಡುತ್ತದೆ.