ಕೇಳಿ ತಿಳಿಯಿರಿ: ಮನೆಯ ರೌಟರ್, ವೈಫೈ, ವೈರ್

ಪ್ರಶ್ನೆ: ನಮ್ಮದು ಹಳೆಯ ಕಲ್ಲಿನ ಮನೆ. ಫೈಬರ್ ರೌಟರ್ ಪಡಸಾಲೆಯಲ್ಲಿದೆ, ಹಿಂದಿನ ಮಗ್ಗದ ಕೋಣೆಗೆ ವೈಫೈ ಮುಟ್ಟುವುದಿಲ್ಲ. ಅಲ್ಲಿ ಹಳೆಯ ರೌಟರ್ ಒಂದನ್ನಿಟ್ಟು ವೈರ್ ಎಳೆದೆವು. ಸಿಗ್ನಲ್ ತುಂಬ ಇದೆ, ನೆಟ್ ಇಲ್ಲ. ಒಮ್ಮೊಮ್ಮೆ ಇಡೀ ಮನೆಯ ನೆಟ್ಟೇ ನಿಂತುಬಿಡುತ್ತದೆ.
– ಓದುಗರು, ಇಳಕಲ್

ಉತ್ತರ: ವೈರ್ ಎಳೆದದ್ದೇ ಸರಿ. ಅಂಥ ಗೋಡೆಗೆ ರಿಪೀಟರ್ (ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಡಬ್ಬಿ) ತಂದಿದ್ದರೆ ದುಡ್ಡು ದಂಡ. ತೊಡಕು ಇರುವುದು ಸೆಟ್ಟಿಂಗ್‌ನಲ್ಲಿ.

ಮನೆಯ ಪ್ರತಿ ಫೋನು, ಟಿವಿಗೂ ಒಂದೊಂದು ಐಪಿ ವಿಳಾಸ ಬೇಕು. ಅದನ್ನು ಹಂಚುವ ಕೆಲಸಕ್ಕೆ ಡಿಎಚ್‌ಸಿಪಿ ಎನ್ನುತ್ತಾರೆ. ಮನೆಗೆ ಹಂಚುವವರು ಒಬ್ಬರೇ ಇರಬೇಕು. ನಿಮ್ಮಲ್ಲಿ ಎರಡೂ ರೌಟರ್ ಹಂಚುತ್ತಿರುವಂತಿದೆ. ಹಳೆಯದರಿಂದ ವಿಳಾಸ ಪಡೆದ ಫೋನು ನೆಟ್ಟಿಗಾಗಿ ಅದನ್ನೇ ಕೇಳುತ್ತದೆ. ಅದಕ್ಕೋ ಹೊರಗಿನ ದಾರಿಯೇ ಇಲ್ಲ. ಎರಡರ ವಿಳಾಸವೂ 192.168.1.1 ಆಗಿದ್ದರಂತೂ ಪಡಸಾಲೆಯ ಫೋನುಗಳೂ ದಾರಿ ತಪ್ಪುತ್ತವೆ.

ಮೊದಲು ಎರಡರ ನಡುವಿನ ವೈರ್ ಬಿಚ್ಚಿ. ಹಳೆಯ ರೌಟರ್‌ನ ರಿಸೆಟ್ ತೂತಿಗೆ ಪಿನ್ನು ಹಾಕಿ ಸುಮಾರು 10 ಸೆಕೆಂಡ್ ಒತ್ತಿ ಹಿಡಿಯಿರಿ. ಅದಕ್ಕೆ ಲ್ಯಾಪ್‌ಟಾಪ್ ಜೋಡಿಸಿ, ಡಬ್ಬಿಯ ತಳದಲ್ಲಿ ಅಚ್ಚಾಗಿರುವ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆಯಿರಿ. ‘ಆಕ್ಸೆಸ್ ಪಾಯಿಂಟ್ ಮೋಡ್’ (ವಿಳಾಸ ಹಂಚದೆ ಬರೀ ವೈಫೈ ಕೊಡುವ ಬಗೆ) ಕಂಡರೆ ಅದನ್ನು ಆರಿಸಿ, ವೈಫೈ ಹೆಸರು–ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು. ಇಲ್ಲದಿದ್ದರೆ ಕೈಯಿಂದ ಮಾಡಬೇಕು: ವೈಫೈ ಹೆಸರು, ಪಾಸ್‌ವರ್ಡ್ ಪಡಸಾಲೆಯದ್ದೇ ಇರಲಿ, ಫೋನು ತಾನೇ ಬದಲಾಯಿಸಿಕೊಳ್ಳುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಅಲ್ಲಿ ಚಾನೆಲ್ 1 ಇದ್ದರೆ ಇಲ್ಲಿ 6 ಅಥವಾ 11 ಇಡಿ. ಆಮೇಲೆ ಲ್ಯಾನ್ ಐಪಿಯನ್ನು, ಅಂದರೆ ಹಳೆಯ ರೌಟರ್‌ನ ಸ್ವಂತ ವಿಳಾಸವನ್ನು, 192.168.1.2 ಮಾಡಿ (ಮುಖ್ಯ ರೌಟರ್ 192.168.1.1 ಇದ್ದರೆ). ಹೊಸ ವಿಳಾಸದಲ್ಲಿ ಮತ್ತೆ ಒಳಹೊಕ್ಕು, ಕೊನೆಯಲ್ಲಿ ಡಿಎಚ್‌ಸಿಪಿ ಆಫ್ ಮಾಡಿ. ಅದನ್ನು ಮೊದಲೇ ಆಫ್ ಮಾಡಿದರೆ ಲ್ಯಾಪ್‌ಟಾಪ್‌ಗೆ ವಿಳಾಸ ಸಿಗದೆ ನಡುವೆಯೇ ಸಿಕ್ಕಿಬೀಳುತ್ತೀರಿ.

ಈಗ ಪಡಸಾಲೆಯ ವೈರನ್ನು ಹಳೆಯದರ ‘ಲ್ಯಾನ್’ ತೂತಿಗೆ ಚುಚ್ಚಿ. ಬೇರೆ ಬಣ್ಣದಲ್ಲಿರುವ ‘ವ್ಯಾನ್’ (ಹೊರಗಿನ ನೆಟ್ಟಿನ ತೂತು) ಖಾಲಿ ಇರಲಿ. ಇನ್ನೊಂದು ಮಾತು: ಮುಖ್ಯ ರೌಟರ್ 192.168.1.2ರಿಂದಲೇ ವಿಳಾಸ ಹಂಚುತ್ತಿದ್ದರೆ ಅದೇ ಸಂಖ್ಯೆ ಯಾವುದೋ ಫೋನಿಗೂ ಹೋಗಿ, ತಿಂಗಳಿಗೊಮ್ಮೆ ಕಾರಣ ತಿಳಿಯದ ತಕರಾರು ಶುರುವಾದೀತು. ಅಲ್ಲಿ ಹಂಚಿಕೆಯ ಆರಂಭವನ್ನು 192.168.1.10 ಮಾಡಿಬಿಡಿ.

ಪ್ರಶ್ನೆ: 300 ಎಂಬಿಪಿಎಸ್ ಪ್ಲ್ಯಾನ್. ವೈಫೈಯಲ್ಲಿ 250ರವರೆಗೂ ಬರುತ್ತದೆ, ವೈರ್ ಹಾಕಿದ ಕಂಪ್ಯೂಟರ್‌ನಲ್ಲಿ 94 ದಾಟುವುದಿಲ್ಲ. ವೈರೇ ವೇಗ ಅನ್ನುತ್ತಾರಲ್ಲ?
– ಓದುಗರು, ಗೋಕಾಕ

ಉತ್ತರ: 94 ಎಂಬ ಅಂಕಿಯೇ ಸುಳಿವು. ರೌಟರ್–ಕಂಪ್ಯೂಟರ್ ನಡುವಿನ ಕೊಂಡಿ (ಲಿಂಕ್) 100 ಎಂಬಿಪಿಎಸ್‌ಗೆ ನಿಂತಾಗ ಕೈಗೆ ಸಿಗುವುದು ಅಷ್ಟೇ. ವೈರಿನಲ್ಲಿ 8 ಎಳೆಗಳಿವೆ. 100ಕ್ಕೆ 1, 2, 3, 6ನೆಯ ಎಳೆ ಸಾಕು. 1000ಕ್ಕೆ ಎಂಟೂ ಬೇಕು. ನೀಲಿ ಅಥವಾ ಕಂದು ಎಳೆಯೊಂದು ಕನೆಕ್ಟರ್‌ನಲ್ಲಿ ಸರಿಯಾಗಿ ಕಚ್ಚಿರದಿದ್ದರೆ ನೆಟ್ ನಿಲ್ಲುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ವಿಂಡೋಸ್‌ನ ಈಥರ್ನೆಟ್ ಸೆಟ್ಟಿಂಗ್‌ನಲ್ಲಿ ಲಿಂಕ್ ಸ್ಪೀಡ್ 100/100 ಇದೆಯೇ ನೋಡಿ. ಚಿಕ್ಕ ರೆಡಿಮೇಡ್ ಕ್ಯಾಟ್ 6 ವೈರಿನಿಂದ ಜೋಡಿಸಿದಾಗ 1000 ಆದರೆ ತಪ್ಪು ಹಳೆಯ ವೈರಿನದು. ಎರಡೂ ತುದಿಯ ಕನೆಕ್ಟರ್ ಕತ್ತರಿಸಿ ಹೊಸದಾಗಿ ಒತ್ತಿಸಿ. ಕ್ರಮ: ಕೇಸರಿ-ಬಿಳಿ, ಕೇಸರಿ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಆಗಲೂ 100 ಇದ್ದರೆ ರೌಟರ್‌ನ ಅಥವಾ ಕಂಪ್ಯೂಟರ್‌ನ ಪೋರ್ಟಿನ ಮಿತಿಯೇ ಅಷ್ಟು.

ಪ್ರಶ್ನೆ: 100ರ ಪ್ಲ್ಯಾನ್‌ಗೆ ದುಡ್ಡು ಕಟ್ಟಿದರೂ ಡೌನ್‌ಲೋಡ್ ಮಾಡುವಾಗ 11–12 ತೋರಿಸುತ್ತದೆ. ಮೋಸವೇ?
– ಓದುಗರು, ಇಂಡಿ

ಉತ್ತರ: ಅಲ್ಲ. ಪ್ಲ್ಯಾನ್ ಅಳೆಯುವುದು ಬಿಟ್‌ನಲ್ಲಿ, ಡೌನ್‌ಲೋಡ್ ತೋರಿಸುವುದು ಬೈಟ್‌ನಲ್ಲಿ. 8 ಬಿಟ್‌ಗೆ ಒಂದು ಬೈಟ್. 100ನ್ನು 8ರಿಂದ ಭಾಗಿಸಿದರೆ 12.5. ನಿಮಗೆ ಪೂರ್ತಿ ವೇಗವೇ ಬರುತ್ತಿದೆ.